ಮೀನಿಗೆ ಭಾನುವಾರದ ಅಭ್ಯಂಜನ

ಬಣ್ಣದ ನೀರು ಕಂಡು ಗಾಬರಿಯಾಗುವ ಜನ ನಾವಲ್ಲ. 2014ರ ಜನವರಿಯಲ್ಲಿ ನಮ್ಮ ಮುಂಬಯಿ ಸೀಮೆಯ ಡೊಂಬಿವಲಿಯಲ್ಲಿ ಹಸಿರು ಮಳೆ ಬಿತ್ತು. ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಬಂದೆವು. 2017ರ ಆಗಸ್ಟ್‌ನಲ್ಲಿ ನವಿ ಮುಂಬಯಿ ಪಕ್ಕದ ತಳೋಜಾದಲ್ಲಿ ಕಾಸಾಡಿ ನದಿಗಿಳಿದ ಬೀದಿನಾಯಿಗಳು ನೀಲಿಯಾಗಿ ಎದ್ದು ಬಂದವು. ಫೋಟೊ ಫಾರ್ವರ್ಡ್ ಮಾಡಿದೆವು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿಯಾಯಿತು. ಅದನ್ನು ನೋಡಲು ಮುಖ್ಯಮಂತ್ರಿಗಳೇ ಬಂದರು, ನಾವು ಸೆಲ್ಫಿ ತೆಗೆದುಕೊಂಡೆವು. ಇಷ್ಟನ್ನೆಲ್ಲ ಅರಗಿಸಿಕೊಂಡ ನಮಗೆ ಸಹಿಸಲಾಗದ್ದು ಒಂದೇ ಒಂದು: ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟ ಎರಡಡಿ ಫಿಶ್ ಟ್ಯಾಂಕಿನ ನೀರು ತುಸು ಮಬ್ಬಾಗುವುದು.

ಸೋಮವಾರದಿಂದ ಶನಿವಾರದವರೆಗೆ ಲೋಕಲ್‌ನ ಬಾಗಿಲಲ್ಲಿ ಜೋತಾಡಿ, ಆಫೀಸಿನಲ್ಲಿ ತಲೆ ತಗ್ಗಿಸಿ ಬಂದ ಗೃಹಸ್ಥನ ಪೌರುಷವೆಲ್ಲ ಭಾನುವಾರ ಬೆಳಗ್ಗೆ ಆ ಮಬ್ಬಿನ ಮೇಲೆ ತಿರುಗುತ್ತದೆ. ಬನಿಯನ್ ತೊಟ್ಟು, ಲುಂಗಿ ಎತ್ತಿ ಕಟ್ಟಿ ನಿಂತನೆಂದರೆ ಮನೆಯವರೆಲ್ಲ ದೂರ. ಮೀನುಗಳು ಬಕೆಟ್‌ಗೆ. ಇದ್ದ ನೀರಷ್ಟೂ ಬಾತ್‌ರೂಮಿಗೆ. ಕಲ್ಲುಗಳಿಗೆ ಕುದಿಯುವ ನೀರು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದು ರಸ ಇಳಿಯುವುದು ನಿಲ್ಲುವ ತನಕ ಹಿಂಡುವುದು. ಗಾಜಿಗೆ ಪಾತ್ರೆ ತೊಳೆಯುವ ಲಿಕ್ವಿಡ್, ಅದೂ ನಿಂಬೆ ಪರಿಮಳದ್ದು. ಕೊನೆಗೆ ಬೆಳಗಿನ ನೀರಿನ ಹೊತ್ತಿನಲ್ಲಿ ಹಿಡಿದಿಟ್ಟ ಪಾಲಿಕೆಯ ನೀರನ್ನು ಕಂಠಮಟ್ಟ ಸುರಿದು, ಮೀನು ಬಿಟ್ಟು, ಲೈಟು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, "ಹೇಗೆ ಕಾಣ್ತದೆ ಈಗ? ಬಿಸ್ಲೆರಿ!" ಎನ್ನುತ್ತಾನೆ.

ಹೌದು, ಬಿಸ್ಲೆರಿಯೇ. ಬುಧವಾರದ ಹೊತ್ತಿಗೆ ಮೀನು ಮಗುಚಿ ತೇಲುತ್ತದೆ.

ಆತ ಹಿಂಡಿ ಚೆಲ್ಲಿದ ಆ ಕಂದು ರಸದಲ್ಲಿ ಯಾರಿದ್ದರು ಎಂಬುದನ್ನು ಹೇಳಿಬಿಡಬೇಕು. ಮೀನು ಉಂಡದ್ದನ್ನು ಅಲ್ಲೇ ವಿಸರ್ಜಿಸುತ್ತದೆ, ಅದಕ್ಕೆ ಬೇರೆ ಬಾತ್‌ರೂಮಿಲ್ಲ. ಆ ಹೊಲಸು, ತಿನ್ನದೆ ಉಳಿದ ಕಾಳು, ಎಲ್ಲ ಸೇರಿ ಅಮೋನಿಯಾ ಆಗುತ್ತದೆ. ಅಮೋನಿಯಾ ಕಿವಿರನ್ನು ಸುಡುವ ವಿಷ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಅಂಟಿಕೊಂಡ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಮಿತಿಯಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಕಾರ್ಮಿಕರು ಬಂದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮವನು ವಾರಕ್ಕೊಮ್ಮೆ ಅವರೆಲ್ಲರನ್ನೂ ಕೆಲಸದಿಂದ ತೆಗೆದು, ಬೀದಿ ಯಾಕೆ ಗುಡಿಸಿಲ್ಲ ಎಂದು ಕೇಳುತ್ತಾನೆ. ಅಮೋನಿಯಾಕ್ಕೆ ಬಣ್ಣವಿಲ್ಲ. ಪಳಪಳ ಹೊಳೆಯುವ ನೀರಿನಲ್ಲೇ ಅದು ಆರಾಮಾಗಿ ಏರುತ್ತದೆ.

ಇನ್ನು ನಲ್ಲಿ ನೀರು. ಕಲ್ಯಾಣ್-ಡೊಂಬಿವಲಿಯವರದು ಉಲ್ಹಾಸ್ ನದಿಯದು, ನವಿ ಮುಂಬಯಿಯವರದು ಮೊರ್ಬೆ ಅಣೆಕಟ್ಟಿನದು. "ನಮ್ಮದು ಸ್ವಂತ ಡ್ಯಾಮಿನ ನೀರು" ಎಂದು ನೆರೂಳಿನ ನೆಂಟರು ಬೀಗುವುದು ಬೇರೆ. ಎರಡೂ ಕ್ಲೋರಿನ್ ಹಾಕಿಯೇ ಮನೆಗೆ ಬರುವುದು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಹಾಕಿದ್ದು ಅದು. ಟ್ಯಾಂಕಿನ ಬ್ಯಾಕ್ಟೀರಿಯಾ ಒಳ್ಳೆಯದು, ಬಿಟ್ಟುಬಿಡೋಣ ಎಂದು ಕ್ಲೋರಿನ್‌ಗೆ ಯಾರೂ ಹೇಳಿಕಳಿಸಿಲ್ಲ. ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್‌ನ ಕೆಲವು ಹನಿ ಹಾಕಿದರೆ ಮುಗಿಯಿತು. ಇಲ್ಲವೇ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ (ಕ್ಲೋರಮೀನ್ ಆದರೆ ಹೋಗುವುದಿಲ್ಲ, ಅದಕ್ಕೆ ಹನಿಯೇ ಬೇಕು). ಆದರೆ ಮೀನಿಗೆ ಸಾವಿರ ರೂಪಾಯಿ ಕೊಟ್ಟವನಿಗೆ ಆ ಹನಿಯ ಸೀಸೆ ಮಾತ್ರ ದುಬಾರಿ. ಇನ್ನು ಕೆಲವರ ಪ್ರೀತಿ ಎಷ್ಟು ಉಕ್ಕುತ್ತದೆಂದರೆ ಅಡುಗೆಮನೆಯ ಆರ್‌ಒ ನೀರನ್ನೇ ತುಂಬುತ್ತಾರೆ. ಖನಿಜವೆಲ್ಲ ಸೋಸಿಹೋದ ಆ ನೀರಿಗೆ ತನ್ನ ಪಿಎಚ್ ಹಿಡಿದು ನಿಲ್ಲುವ ಶಕ್ತಿಯೇ ಇರುವುದಿಲ್ಲ. ಮೀನು ಸಾಯುತ್ತದೆ, ಶುದ್ಧವಾಗಿ.

ಸತ್ತಮೇಲೆ ವಿಚಾರಣೆ ಬೇಡವೇ? ಬೇಡ. ಇಲ್ಲಿ ನಮ್ಮ ವಾಸ್ತು ಪಂಡಿತರು ಮಾಡಿಕೊಟ್ಟ ವ್ಯವಸ್ಥೆ ಯಾವ ಹೈಕೋರ್ಟಿಗೂ ಇಲ್ಲ. ಮೀನು ಸತ್ತರೆ ಅದು ಮನೆಗೆ ಬರಬೇಕಿದ್ದ ಕಂಟಕವನ್ನು ತನ್ನ ಮೇಲೆ ಎಳೆದುಕೊಂಡಿತಂತೆ. ಹಾಗಾಗಿ ಕೊಂದವನೇ ಕೈಮುಗಿದು, "ಪಾಪ, ನಮಗಾಗಿ ಹೋಯ್ತು ನೋಡಿ ಮಾರಾಯ್ರೇ" ಎಂದು ಕಣ್ಣೊರೆಸಿಕೊಂಡು, ಇನ್ನೊಂದು ತರಲು ಹೊರಡುತ್ತಾನೆ. ಬಿಡುಗಡೆ ಮಾತ್ರವಲ್ಲ, ಪುಣ್ಯವೂ ಬಂತು. ಹಣೆಯಲ್ಲಿ ಉಬ್ಬು ಇರುವ ಫ್ಲವರ್‌ಹಾರ್ನ್ ಮೀನಿಗಂತೂ ಅದೃಷ್ಟದ ಖಾತೆಯನ್ನೇ ಕೊಟ್ಟಿದ್ದಾರೆ. ಅದು ಪುರಾಣದ ಮೀನಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಜನ ತಳಿ ಬೆರೆಸಿ ಹುಟ್ಟಿಸಿದ್ದು. ಟ್ಯಾಂಕು ಈಶಾನ್ಯದಲ್ಲಿರಬೇಕು, ಎಂಟು ಬಂಗಾರದ ಮೀನಿಗೆ ಒಂದು ಕಪ್ಪು ಇರಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಒಂಬತ್ತು ಗೋಲ್ಡ್‌ಫಿಶ್ ಐವತ್ತು ಲೀಟರಿನಲ್ಲಿ ಉಸಿರಾಡುವುದು ಹೇಗೆ ಎಂಬ ಶ್ಲೋಕ ಮಾತ್ರ ಯಾವ ಶಾಸ್ತ್ರದಲ್ಲೂ ಇಲ್ಲ.

ತೊಳೆಯಲು ಬೇಸರವಾದವರು ಇನ್ನೊಂದು ಉಪಾಯ ಮಾಡುತ್ತಾರೆ: ಸಕ್ಕರ್ ಫಿಶ್. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವ, ಹೆಬ್ಬೆರಳುದ್ದದ ಮರಿ. "ಇದೊಂದು ಹಾಕಿ, ಆಮೇಲೆ ಕ್ಲೀನ್ ಮಾಡುವುದೇ ಬೇಡ" ಎನ್ನುತ್ತಾನೆ ಅಂಗಡಿಯವ. ಸಂಬಳವಿಲ್ಲ, ದೀಪಾವಳಿ ಬೋನಸ್ ಇಲ್ಲ, ಊರಿಗೆ ಹೋಗಲು ರಜೆ ಕೇಳುವುದಿಲ್ಲ. ಇಂಥ ಕೆಲಸದವರು ಮುಂಬಯಿ ಸೀಮೆಯಲ್ಲಿ ಬೇರೆ ಯಾರಿದ್ದಾರೆ? ಆದರೆ ಅದೂ ಮೀನೇ. ಕೆರೆದು ತಿಂದದ್ದನ್ನು ಹೊರಗೆ ಬಿಡಲೇಬೇಕು, ಬಿಡುವುದೂ ದಂಡಿಯಾಗಿ. ನೋಡನೋಡುತ್ತ ಅಡಿ ದಾಟಿ ಬೆಳೆಯುತ್ತದೆ. ಆಗ ಮನೆಯವರ ಜೀವದಯೆ ಜಾಗೃತವಾಗಿ, ರಾತ್ರಿ ಊಟವಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಈ ಅತಿಥಿ ಈಗ ದೇಶದ ಎಷ್ಟೋ ಕೆರೆ-ನದಿಗಳಲ್ಲಿ ಬೀಡುಬಿಟ್ಟು ಸ್ಥಳೀಯ ಮೀನುಗಳ ಅನ್ನಕ್ಕೆ ಕೈ ಹಾಕಿದೆ. ಮೈಮೇಲೆ ಮುಳ್ಳಿನ ಕವಚ, ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ, ಬೆಸ್ತರ ಶಾಪ ಬೇರೆ.

ಕೆರೆಗಳೆಂದಾಗ ಥಾಣೆಯನ್ನು ಬಿಡುವಂತಿಲ್ಲ. ಅದು ಕೆರೆಗಳ ಊರು ಎಂದೇ ಹೆಸರಾದದ್ದು. ಕೋಪಿನೇಶ್ವರ ದೇವಸ್ಥಾನದ ಪಕ್ಕದ ಮಾಸುಂದಾ ಕೆರೆಗೆ, ಅಂದರೆ ತಲಾವ್ ಪಾಳಿಗೆ, ಸಂಜೆ ಹೋಗಿ ನೋಡಿ. ದೋಣಿ ಇದೆ, ದೀಪ ಇದೆ. ದಂಡೆಯಲ್ಲಿ ನಿಂತ ಪುಣ್ಯವಂತರು ಇಡೀ ಬ್ರೆಡ್ಡನ್ನೇ ನೀರಿಗೆ ಎಸೆಯುತ್ತಿರುತ್ತಾರೆ. ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕೆಂಬ ಲೆಕ್ಕ ಮನೆಯ ಟ್ಯಾಂಕಿನಲ್ಲೇ ಪಾಲಿಸದವರು ಕೆರೆಯಲ್ಲಿ ಪಾಲಿಸುತ್ತಾರೆಯೇ? ಕೊಳೆತ ಬ್ರೆಡ್ಡು ನೀರಿನ ಆಮ್ಲಜನಕ ಹೀರುತ್ತದೆ. ಒಂದು ಬೆಳಗ್ಗೆ ಮೀನು ತೇಲಿದರೆ ಕೆರೆಗೆ ಮಂಜೂರಾಗುವುದು ಮತ್ತೊಂದು ಸುತ್ತಿನ ಬಣ್ಣದ ದೀಪ.

ಇಷ್ಟೆಲ್ಲದರ ನಡುವೆ ಸುಖವಾಗಿರುವ ಮೀನು ಒಂದೇ, ಗಪ್ಪಿ. ಸೊಳ್ಳೆ ಮರಿ ತಿನ್ನಲೆಂದು ಪಾಲಿಕೆಯವರು ಬಾವಿಗೆ, ನಿಂತ ನೀರಿಗೆ ಬಿಡುವ ಈ ಇಂಚುದ್ದದ ಜೀವ ಗಟಾರದಲ್ಲೂ ಸಂಸಾರ ಹೂಡುತ್ತದೆ. ಬಿಸಿಲಲ್ಲಿ ಬಗ್ಗಿ ನೋಡಿದರೆ, ಕಪ್ಪು ನೀರಿನಲ್ಲಿ ಗಂಡುಗಳ ಬಾಲದ ಕಿತ್ತಳೆ ಚುಕ್ಕೆ ಮಿಂಚುತ್ತಿರುತ್ತದೆ. ಯಾರೂ ಅದಕ್ಕೆ ಆರ್‌ಒ ನೀರು ಹಾಕಿಲ್ಲ, ದಿಕ್ಕು ನೋಡಿಲ್ಲ. ಮುಖ್ಯವಾಗಿ, ಭಾನುವಾರ ಯಾರೂ ಅದರ ಮನೆ ತೊಳೆಯುವುದಿಲ್ಲ.

ಹಾಗೆಂದು ಟ್ಯಾಂಕನ್ನು ಗಟಾರ ಮಾಡಿ ಎಂದು ನಾನು ಹೇಳುತ್ತಿಲ್ಲ. ಹೊಸ ಟ್ಯಾಂಕಿನ ಬಿಳಿ ಮಬ್ಬು ಬ್ಯಾಕ್ಟೀರಿಯಾದ್ದು, ಕೈ ಕಟ್ಟಿ ಕುಳಿತರೆ ತಾನೇ ತಿಳಿಯಾಗುತ್ತದೆ. ಹಸಿರಾದರೆ ಕಿಟಕಿಯ ಬಿಸಿಲಿನಿಂದ ಸರಿಸಿ, ಲೈಟು ಉರಿಸುವ ಹೊತ್ತು ಕಡಿಮೆ ಮಾಡಿ. ಈ ಭಾನುವಾರ ಕಾಲು ಭಾಗ ನೀರು ಮಾತ್ರ ಪೈಪಿನಲ್ಲಿ ಎಳೆಯಿರಿ, ಕಲ್ಲಿನ ಸಂದಿಯ ಹೊಲಸು ಅದರ ಜೊತೆಗೇ ಬರಲಿ. ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ, ನಲ್ಲಿಯ ಕೆಳಗಲ್ಲ. ಹಿಂಡಿ ಉಳಿದ ಆ ನೀರನ್ನು ಬಾಲ್ಕನಿಯ ತುಳಸಿಗೆ ಹಾಕಿ, ನೈಟ್ರೇಟ್ ಗಿಡಕ್ಕೆ ಗೊಬ್ಬರ. ಹೊಸ ನೀರಿಗೆ ಆಂಟಿ-ಕ್ಲೋರಿನ್ ಹಾಕಿ ನಿಧಾನಕ್ಕೆ ಸುರಿಯಿರಿ. ನಿಂಬೆ ಪರಿಮಳದ ಲಿಕ್ವಿಡ್ ಸಿಂಕಿನ ಪಕ್ಕದಲ್ಲೇ ಇರಲಿ. ಕೈಗೆ ಇನ್ನೂ ತುರಿಕೆಯಿದ್ದರೆ, ನಿಮ್ಮ ಸೊಸೈಟಿಯ ಮೇಲಿನ ನೀರಿನ ಟ್ಯಾಂಕನ್ನು ಕಡೆಯ ಸಲ ತೊಳೆದದ್ದು ಯಾವಾಗ ಎಂದು ಸೆಕ್ರೆಟರಿಯನ್ನು ಕೇಳಿ. ಆ ನೀರು ಕುಡಿಯುವವರು ನೀವು.