ಕೋವಿಪೆಟ್ಟಿಗೆ ಮಾಡುವ ಮಹನೀಯರಿಗೆ ಬಸ್ರೂರಿನಿಂದ ಒಂದು ಪತ್ರ

ಇಂಗ್ಲೆಂಡಿನಲ್ಲಿ ಕೋವಿಪೆಟ್ಟಿಗೆ ತಯಾರಿಸುವ ಮಾನ್ಯರೆ,

ನಾವು ಇಲ್ಲಿ ಕ್ಷೇಮ. ಕೋವಿಯೂ ಸದ್ಯ ಮನೆಯಲ್ಲೇ ಇದೆ. ಅಂದರೆ ಹತ್ತಿರದಲ್ಲಿ ಯಾವ ಚುನಾವಣೆಯೂ ಇಲ್ಲ ಎಂದು ತಿಳಿಯತಕ್ಕದ್ದು.

ಲಂಡನ್ನಿನಲ್ಲಿರುವ ತಂಗಿಯ ಮಗ ನಿಮ್ಮ ಕ್ಯಾಟಲಾಗು ಕಳಿಸಿದ್ದಾನೆ. "ಮಾವ, ಅಜ್ಜಯ್ಯನ ಕೋವಿಗೆ ಒಂದ್ ಒಳ್ಳೆ ಪೆಟ್ಟಿ ಆರ್ಸಿ, ದುಡ್ಡ್ ನಾನ್ ಕೊಡ್ತೆ" ಎಂದು ಫೋನಿನಲ್ಲಿ ಹೇಳಿದ. ದುಡ್ಡು ಬೇರೆಯವರದ್ದು ಎಂದ ಮೇಲೆ ನಾನೂ ಕನ್ನಡಕ ಒರೆಸಿಕೊಂಡು ಶ್ರದ್ಧೆಯಿಂದ ಓದಿದೆ. ಓದಿ ಮುಗಿಸಿದಾಗ ನಿಮಗೆ ನಮ್ಮ ಕಡೆಯ ನಾಲ್ಕು ಸಂಗತಿ ತಿಳಿಸದೆ ಆರ್ಡರು ಕೊಡುವುದು ಸರಿಯಲ್ಲ ಅನಿಸಿತು.

ಮೊದಲು ಕೋವಿಯ ಪರಿಚಯ. 12 ಬೋರಿನ ಜೋಡುನಳಿಗೆ, ನಳಿಗೆ 30 ಇಂಚು, ತೂಕ ಮೂರು ಕಿಲೋಗೆ ತುಸು ಮೇಲೆ. ನಿಮ್ಮ ಬರ್ಮಿಂಗ್‌ಹ್ಯಾಮಿನದೇ ಕೂಸು. ನಳಿಗೆಯ ಅಡಿಯಲ್ಲಿ ಅಲ್ಲಿಯ ಪ್ರೂಫ್ ಹೌಸಿನ ಮುದ್ರೆ ಇದೆ. ಆ ಸಂಸ್ಥೆ 1813ರಲ್ಲಿ ಶುರುವಾದದ್ದಂತೆ. ಹಿಡಿ ಅಕ್ರೋಟು ಮರದ್ದು. ಪಕ್ಕದ ಉಕ್ಕಿನ ತಗಡಿನಲ್ಲಿ ಒಂದು ನಾಯಿ, ಎರಡು ಹಕ್ಕಿ, ಸುತ್ತ ಬಳ್ಳಿ ಕೆತ್ತಿದ್ದಾರೆ. ನಾಯಿ ನಮ್ಮೂರಿನ ಯಾವ ನಾಯಿಗಿಂತಲೂ ದಪ್ಪವಾಗಿದೆ. ಘಟ್ಟದ ಮೇಲಿನ ತೋಟದ ದೊರೆಯೊಬ್ಬರು ಊರಿಗೆ ಮರಳುವಾಗ ಮಾರಿದ್ದನ್ನು ಅಪ್ಪಯ್ಯ ಕೊಂಡರು. ಲೈಸನ್ಸಿನಲ್ಲಿ ಉದ್ದೇಶ ಎಂಬ ಜಾಗದಲ್ಲಿ ಬರೆದಿರುವುದು ಮಾತ್ರ 'ಬೆಳೆ ರಕ್ಷಣೆ'. ಇಂಥ ಕೆತ್ತನೆಯ ಕೋವಿ ನಮ್ಮಲ್ಲಿ ಅಡಿಕೆ, ತೆಂಗು ಕಾಯುವ ಕೆಲಸಕ್ಕಿದೆ.

ಯಾರಿಂದ ಕಾಯುವುದು ಎಂದು ಕೇಳಬೇಡಿ. ಎಳನೀರು ಕುಡಿದು ಚಿಪ್ಪು ಬಿಸಾಡುವ ಮಂಗನಿಗೂ, ಗದ್ದೆ ಉಳುವ ಕಾಡುಹಂದಿಗೂ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಹೆಸರಿದೆ. ನವಿಲಂತೂ ರಾಷ್ಟ್ರಪಕ್ಷಿ, ಮೊದಲ ಅನುಸೂಚಿಯಲ್ಲೇ ಕೂತಿದೆ. ಆದ್ದರಿಂದ ನಾವು ಆಕಾಶಕ್ಕೆ ಈಡು ಹೊಡೆಯುತ್ತೇವೆ. ಮಂಗಗಳು ಮೊದಮೊದಲು ಓಡುತ್ತಿದ್ದವು. ಈಗ ಪಕ್ಕದ ಮರಕ್ಕೆ ಹಾರಿ, ಎರಡನೇ ನಳಿಗೆಯೂ ಖಾಲಿಯಾಗಲಿ ಎಂದು ಕಾಯುತ್ತವೆ.

ನಮ್ಮ ಊರು ನಿಮಗೆ ಹೊಸದಲ್ಲ. ನಿಮ್ಮ ಹಳೆಯ ನಕ್ಷೆಗಳಲ್ಲಿ ಬಾರ್ಸಿಲೋರ್ ಎಂದು ಕಾಣುವ ಬಂದರು ಇದೇ. ವಾರಾಹಿ ಹೊಳೆಯ ದಡದಿಂದ ಅಕ್ಕಿ ಹೇರಿಕೊಂಡು ಹಡಗುಗಳು ಹೋಗುತ್ತಿದ್ದವು. ಪೋರ್ಚುಗೀಸರು 1569ರಲ್ಲಿ ಬಂದು ಕೋಟೆ ಹಿಡಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಮಾಲ್ವಣದಿಂದ ಹಡಗುಗಳ ದಂಡಿನೊಂದಿಗೆ ಬಂದು ಪೇಟೆಯ ಸಂಪತ್ತು ಹೇರಿಕೊಂಡು ಹೋದರು. ಇವರಲ್ಲಿ ಯಾರೂ ಲೈಸನ್ಸ್ ತೋರಿಸಿದ ದಾಖಲೆ ಇಲ್ಲ. ಅವರೆಲ್ಲರ ಬಾಕಿಯನ್ನೂ ಈಗ ನಮ್ಮಿಂದ ವಸೂಲು ಮಾಡಲಾಗುತ್ತಿದೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದು, ಒಬ್ಬನಿಗೆ ಎರಡೇ ಕೋವಿ, ಲೈಸನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ ಎಂದಾಗಿದೆ. ಐದು ವರ್ಷ ಮಾಡಿದ್ದು ಉಪಕಾರವೇ, ಮೊದಲು ಮೂರಿತ್ತು.

ಇನ್ನು ಪೆಟ್ಟಿಗೆಯ ವಿಷಯ. ನಿಮ್ಮ ಮೊದಲ ಪುಟದಲ್ಲಿ ಓಕ್ ಮರಕ್ಕೆ ಚರ್ಮ ಹೊದಿಸಿ, ಮೂಲೆಗೆ ಹಿತ್ತಾಳೆ ಹೊಡೆದು, ಒಳಗೆ ಕೆಂಪು ಬನಾತು ಅಂಟಿಸಿದ ಪೆಟ್ಟಿಗೆ ಇದೆ. ಕೋವಿ ಬಿಚ್ಚಿ ನಳಿಗೆಗೊಂದು, ಹಿಡಿಗೊಂದು, ಎಣ್ಣೆಸೀಸೆಗೊಂದು ಗೂಡು. ನೋಡಲು ಕಣ್ಣು ಸಾಲದು. ಅದರ ಕೆಳಗೆ ಕುರಿಯ ತೊಡೆಯ ಆಕಾರದ ಚರ್ಮದ ಪೆಟ್ಟಿಗೆ. ನಿಮ್ಮಲ್ಲಿ ಅದಕ್ಕೆ ಹೆಸರೂ ಹಾಗೇ ಇದೆಯಂತೆ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕೋವಿ ದೇವರ ಕೋಣೆಗೆ ಬರಬಹುದು, ತೊಡೆ ಬರುವಂತಿಲ್ಲ. ನನ್ನ ಹೆಂಡತಿ ಚಿತ್ರ ನೋಡಿ ಪುಟ ತಿರುವಿದವಳು ಮತ್ತೆ ಆ ಕಡೆ ನೋಡಲಿಲ್ಲ.

ಮಡಿಮೈಲಿಗೆ ಬಿಡಿ, ಮಳೆಯ ಮಾತು ಕೇಳಿ. ಗಾಳಿಯ ತೇವ ನೂರಕ್ಕೆ ಅರುವತ್ತು ದಾಟಿದರೆ ಉಕ್ಕಿಗೆ ತುಕ್ಕಿನ ಭಯ ಶುರು. ನಮ್ಮಲ್ಲಿ ಆಷಾಢದಲ್ಲಿ ಅದು ತೊಂಬತ್ತರ ಆಸುಪಾಸಿನಲ್ಲೇ ಬಿಡಾರ ಹೂಡುತ್ತದೆ; ಮೇಲೆ ಕಡಲ ಕಡೆಯ ಉಪ್ಪುಗಾಳಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಚರ್ಮದ ಚಪ್ಪಲಿ ಎರಡು ದಿನ ಮೂಲೆಯಲ್ಲಿಟ್ಟರೆ ಹಸಿರು ಬೂಷ್ಟು. ಬನಾತು ನೀರು ಹೀರಿದರೆ ಸಂಕ್ರಾಂತಿಯವರೆಗೂ ಬಿಡುವುದಿಲ್ಲ. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮದಲ್ಲಿ ಹುಳಿಯ ಅಂಶವಿದೆ. ಅದಕ್ಕೆ ತೇವ ಸೇರಿದರೆ ನಳಿಗೆಯ ಕಪ್ಪು ಬಣ್ಣವನ್ನು ತಿನ್ನುತ್ತದೆ. ನಾಲ್ಕನೇ ಪುಟದ ಪ್ಲಾಸ್ಟಿಕ್ ಪೆಟ್ಟಿಗೆ ಗಟ್ಟಿ, ವಿಮಾನಕ್ಕೆ ಸರಿ. ಆದರೆ ಅದರೊಳಗಿನ ಸ್ಪಂಜು ಬನಾತಿಗಿಂತ ಕಡೆ. ಮುಚ್ಚಳ ಹಾಕಿ ಮಳೆಗಾಲ ಕಳೆದರೆ ಸ್ಪಂಜು ತಾಗಿದ ಕಡೆಯಲ್ಲೆಲ್ಲ ನಳಿಗೆಯ ಮೇಲೆ ಕಂದು ಚುಕ್ಕೆ ಏಳುತ್ತದೆ. ತಿಳಿದವರ ಮಾತು ಒಂದೇ: ಪೆಟ್ಟಿಗೆ ಇರುವುದು ಪ್ರಯಾಣಕ್ಕೆ, ವಾಸಕ್ಕಲ್ಲ. ಮನೆಗೆ ಬಂದ ಕೂಡಲೇ ಕೋವಿ ಹೊರಗೆ ತೆಗೆದು, ಹತ್ತಿಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ನಳಿಗೆಯ ಬಾಯಿ ಕೆಳಗಾಗಿ ಗಾಳಿಯಾಡುವ ಬೀರುವಿನಲ್ಲಿ ನಿಲ್ಲಿಸಿ ಬೀಗ ಹಾಕಬೇಕು. ಬಾಯಿ ಮೇಲಾದರೆ ಎಣ್ಣೆ ಇಳಿದು ಹಿಡಿಯ ಮರ ಮೆತ್ತಗಾಗುತ್ತದೆ. ತೆಂಗಿನೆಣ್ಣೆ ಕೂಡದು, ಅಂಟು ಕಟ್ಟುತ್ತದೆ. ನಮ್ಮ ಅಬ್ಬಿ, ಅಂದರೆ ಅಮ್ಮ, ತಲೆಗೂ ದೀಪಕ್ಕೂ ಕೋವಿಗೂ ಅದನ್ನೇ ಹಚ್ಚುತ್ತಿದ್ದಳು, ಅದು ಬೇರೆ ಮಾತು.

ಪ್ರಯಾಣಕ್ಕೆ ಅಂದೆನಲ್ಲ, ನಿಮ್ಮಲ್ಲಿ ಕೋವಿಯ ಪ್ರಯಾಣವೆಂದರೆ ಮಂಜಿನ ಬಯಲು, ಬೂಟು, ನಾಯಿ. ನಮ್ಮ ಕೋವಿಗೆ ಇರುವುದು ಒಂದೇ ದಾರಿ, ಮನೆಯಿಂದ ಪೊಲೀಸ್ ಠಾಣೆಗೆ. ಲೋಕಸಭೆ, ವಿಧಾನಸಭೆ, ಪಂಚಾಯತು, ಯಾವ ಚುನಾವಣೆ ಘೋಷಣೆಯಾದರೂ ಠಾಣೆಯಿಂದ ಫೋನು: "ನಿಮ್ ಕೋಯಿ ತಂದ್ ಇಡಿ ಮಾರಾಯ್ರೆ." ಯಾರದ್ದು ಇಡಬೇಕು, ಯಾರಿಗೆ ವಿನಾಯಿತಿ ಎಂದು ತೀರ್ಮಾನಿಸಲು ಜಿಲ್ಲೆಗೊಂದು ಸ್ಕ್ರೀನಿಂಗ್ ಸಮಿತಿ ಇದೆ. ಕೊಡಗಿನ ಬಂಧುಗಳಿಗೆ ಲೈಸನ್ಸಿನಿಂದಲೇ ವಿನಾಯಿತಿ, 2029ರವರೆಗೆ. ನಮಗೆ ಅರ್ಜಿ ಬರೆಯುವ ಸ್ವಾತಂತ್ರ್ಯವಿದೆ.

2024ರ ಲೋಕಸಭೆ ಚುನಾವಣೆಯ ಲೆಕ್ಕ ನೋಡಿ. ಮಾರ್ಚ್ 16ಕ್ಕೆ ಘೋಷಣೆ. ನಮ್ಮ ಕುಂದಾಪುರ ಸೇರಿದ ಉಡುಪಿ–ಚಿಕ್ಕಮಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ. ಬೈಂದೂರಿನವರು ಶಿವಮೊಗ್ಗ ಕ್ಷೇತ್ರದವರಾದ್ದರಿಂದ ಮೇ 7ಕ್ಕೆ. ಎಣಿಕೆ ಜೂನ್ 4ಕ್ಕೆ. ಫಲಿತಾಂಶ ಬಂದು ವಾರದ ನಂತರ ಕೋವಿ ವಾಪಸು ಎಂದು ನಿಯಮ. ಅಷ್ಟರಲ್ಲಿ ಮುಂಗಾರು ನಮ್ಮ ಮಾಡಿನ ಮೇಲೆ. ಹಲಸು, ಮಾವು ಹಣ್ಣಾಗಿ ಮಂಗಗಳಿಗೆ ಸುಗ್ಗಿಯಾದ ತಿಂಗಳುಗಳಲ್ಲಿ ಕೋವಿ ಸರಕಾರದ ಸುಪರ್ದಿಯಲ್ಲಿತ್ತು. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಒಂದು ಸಲ ನಾನು ಮರ್ಯಾದೆಯಿಂದ ಇರಲಿ ಎಂದು ಕ್ಯಾನ್ವಾಸಿನ ಉದ್ದ ಪೆಟ್ಟಿಗೆಯಲ್ಲಿ ಕೋವಿ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನ್ನನ್ನು ಯಕ್ಷಗಾನದವನೆಂದು ತಿಳಿದು ಕೇಳಿದ, "ಇವತ್ ಮೇಳ ಎಲ್ಲ್?" ಠಾಣೆಯಲ್ಲಿ (ಯಾವ ಠಾಣೆ ಎಂದು ಬೇಡ, ಅಲ್ಲಿಯವರು ಒಳ್ಳೆಯವರೇ) ರೈಟರು ಕೋವಿಯ ನಂಬರು, ಬೋರು, ಲೈಸನ್ಸ್ ದಿನಾಂಕ ಬರೆದುಕೊಂಡು, ಟ್ರಿಗರಿನ ಬಳೆಗೆ ಸಣಬಿನ ದಾರದಲ್ಲಿ ಚೀಟಿ ಕಟ್ಟಿದರು. ಆಮೇಲೆ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು.

"ಇದ್ನ್ ತಕಂಡ್ ಹೋಯ್ನಿ."

"ಇದರೊಳಗೇ ಇರಲಿ ಸಾರ್, ತುಕ್ಕು ಹಿಡಿಯುತ್ತದೆ."

"ಪೆಟ್ಟಿಗೆಗೆ ರಿಜಿಸ್ಟ್ರಲ್ಲಿ ಕಾಲಂ ಇಲ್ಲೆ."

ಬರ್ಮಿಂಗ್‌ಹ್ಯಾಮಿನ ನಾಯಿ, ಎರಡು ಹಕ್ಕಿ ಸಮೇತ, ಕೇಪಿನ ಕೋವಿಗಳ ಸಾಲಿಗೆ ಸೇರಿ ಗೋಡೆಗೆ ಒರಗಿತು. ಆ ಗೋಡೆ ಕೆಂಪುಕಲ್ಲಿನದು, ಮಳೆಯಲ್ಲಿ ಬೆವರುತ್ತದೆ. ಖಾಲಿ ಪೆಟ್ಟಿಗೆ ನನ್ನ ಜೊತೆ ಬಸ್ಸಿನಲ್ಲಿ ಕೂತು ಮನೆಗೆ ಬಂದು, ಎರಡೂವರೆ ತಿಂಗಳು ಬೆಚ್ಚಗೆ, ಒಣಗಿ, ಸುರಕ್ಷಿತವಾಗಿತ್ತು. ಲೈಸನ್ಸ್ ಇರುವ ಕೋವಿ ಡೀಲರರ ಬಳಿಯೂ ಠೇವಣಿ ಇಡಬಹುದು, ಬಾಡಿಗೆ ಕೊಟ್ಟರೆ ಎಣ್ಣೆಯನ್ನೂ ಹಚ್ಚಿಕೊಡುವವರಿದ್ದಾರೆ. ಆದರೆ ಆಕಾಶಕ್ಕೆ ಹಾರಿಸುವ ಕೋವಿಗೆ ಬಾಡಿಗೆ ಮನೆ ಮಾಡಲು ಅಡಿಕೆ ರೇಟು ಬಿಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬಿಚ್ಚಿ ಇಡುವ ಪೆಟ್ಟಿಗೆ ಬೇಡ. ಠಾಣೆಯಲ್ಲಿ ಬಿಚ್ಚಿ ತೋರಿಸಿದರೆ ಕೋವಿ ಒಂದೋ ಎರಡೋ ಎಂದು ಚರ್ಚೆಯಾಗುತ್ತದೆ. 30 ಇಂಚಿನ ನಳಿಗೆ ಹಿಡಿಯ ಸಮೇತ ಹಿಡಿಸುವ ಉದ್ದನೆ ಚೀಲ ಸಾಕು. ಅಳತೆ ಕೊಡುವಾಗ ನಳಿಗೆಯದ್ದೊಂದೇ ನೋಡಿ ಮೋಸ ಹೋಗಬೇಡಿ. ಜಿಪ್ಪು ತುದಿಯವರೆಗೂ ಬಿಚ್ಚಿ ಚಾಪೆಯಂತೆ ಹಾಸಿ ಬಿಸಿಲಿಗೆ ಒಣಹಾಕುವಂತಿರಲಿ, ಹಲ್ಲು ಪ್ಲಾಸ್ಟಿಕ್ಕಿನದೇ ಇರಲಿ. ಒಳಗಿನ ಉಣ್ಣೆ ಬಿಡಿಸಿ ತೊಳೆಯುವಂತಿರಬೇಕು. ತೇವ ಹೀರುವ ಸಿಲಿಕಾ ಪೊಟ್ಟಣಕ್ಕೆ ಒಂದು ಜೇಬು. ಕೋವಿಯ ನಂಬರು ಕಾಣಲು ಒಂದು ಕಿಂಡಿ, ಸಣಬಿನ ದಾರ ಕಟ್ಟಲು ಒಂದು ಕುಣಿಕೆ. ಮುಖ್ಯವಾಗಿ, ಅದು ಪೆಟ್ಟಿಗೆ ಎಂದು ಯಾರಿಗೂ ಅನಿಸಬಾರದು. ಕೋವಿಯದೇ ಚರ್ಮ ಎಂದು ರಿಜಿಸ್ಟರು ನಂಬಬೇಕು.

ನಿಮ್ಮಿಂದ ಆಗದಿದ್ದರೆ ಬೇಸರವಿಲ್ಲ. ನೆರೆಮನೆಯವರು ದಾರಿ ಕಂಡುಕೊಂಡಿದ್ದಾರೆ. ಚುನಾವಣೆ ಮುಗಿದ ಮೇಲೆ ಮೂರು ದಾರಿ ಕೂಡುವ ಮೂರ್ಕೈಯಲ್ಲಿ ಬಿದ್ದಿದ್ದ ಫ್ಲೆಕ್ಸ್ ತಂದು, ಒಳಗೆ ಹಳೆಯ ಪಂಚೆ ಇಟ್ಟು, ದರ್ಜಿಯ ಕೈಯಲ್ಲಿ ಹೊಲಿಸಿದ್ದಾರೆ. ಹನಿ ನೀರು ಒಳಗಿಳಿಯುವುದಿಲ್ಲ, ಬೆವರುವುದೊಂದೇ ದೋಷ. ಕೋವಿಯನ್ನು ಠಾಣೆಗೆ ಕಳಿಸಿದ ಅದೇ ಚುನಾವಣೆಯ ಅಭ್ಯರ್ಥಿ ಈಗ ಅದರ ಮೇಲೆ ಕೈಮುಗಿದು ನಗುತ್ತಿದ್ದಾರೆ. 2016ರಲ್ಲೇ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದೆ, ಆದ್ದರಿಂದ ಸರಬರಾಜಿಗೆ ಕೊರತೆಯಿಲ್ಲ.

ಬೆಲೆ, ಸಾಗಣೆ ಖರ್ಚು ತಿಳಿಸಿ ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲು ಬರೆಯಿರಿ.

ಇತಿ,
ಬಸ್ರೂರಿನ ಒಬ್ಬ ಬೆಳೆ ರಕ್ಷಕ

ತಾ.ಕ.: ವಿದೇಶದಿಂದ ಖಾಲಿ ಪೆಟ್ಟಿಗೆ ತರಿಸಲು ಲೈಸನ್ಸ್ ಬೇಕೇ ಎಂದು ಕಚೇರಿಯೊಂದರಲ್ಲಿ ವಿಚಾರಿಸಿದೆ. ಬೇಡ ಎಂದರು. ಹಾಗೆಂದು ಬರೆದುಕೊಡಿ ಎಂದೆ. ಅದಕ್ಕೆ ಅರ್ಜಿ ಕೊಡಬೇಕಂತೆ, ಜೊತೆಗೆ ಪೆಟ್ಟಿಗೆಯ ಒಂದು ಫೋಟೋ, ನನ್ನವು ಎರಡು.