ವಿಷದ ಹಾಲು, ನಾಲ್ಕನೇ ದಿನ

ಆನಂದಪುರ. ಅಡಿಕೆ ಕೊಯ್ಲಿನ ಕಾಲ. ಚಪ್ಪರದಲ್ಲಿ ಸುಲಿಯುವವರು, ಜಗಲಿಯಲ್ಲಿ ಟಿ.ವಿ.

“ದೊಡ್ಡಮ್ಮ, ಹಸಿ ಅಡಿಕೆ ರಾಶಿ ಹಾಗೇ ಬಿದ್ದಿದೆ. ಏಳಿ.”

“ಇರೋ ಮಾರಾಯ. ಅತ್ತೆ ಸೊಸೆಗೆ ವಿಷದ ಹಾಲು ಕೊಡ್ತಿದಾಳೆ.”

“ಸೋಮವಾರವೂ ಕೊಡ್ತಿದ್ಲು!”

“ಅದೇ ಲೋಟ. ಇನ್ನೂ ತುಟಿಗೆ ಮುಟ್ಟಿಲ್ಲ.”

“ಇವತ್ತು ಗುರುವಾರ. ಹಾಲು ಹುಳಿ ಬಂದಿರತ್ತೆ, ವಿಷ ಬೇರೆ ಯಾಕೆ?”

“ನಗಾಡಬೇಡ. ಆ ಇನ್ನೊಂದು ಧಾರಾವಾಹಿಯಲ್ಲಿ ಪುಟ್ಟಗೌರಿ ಬೆಟ್ಟದಿಂದ ಬಿದ್ದಾಗಲೂ ಊರೆಲ್ಲ ನಕ್ಕಿತ್ತು. ಬದುಕಿ ಬರಲಿಲ್ವಾ?”

“2012ರಲ್ಲಿ ಹಿಡಿದ ಎಳೆ, ಅಷ್ಟು ಸುಲಭಕ್ಕೆ ಬಿಡ್ತಾರಾ? ಇಲ್ಲೇ ನಮ್ಮ ಅರಸಾಳು ಸ್ಟೇಷನ್ನಿನಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದರಲ್ಲ, ಅದರಲ್ಲಿ ಎಷ್ಟೋ ಕಥೆ ಒಂದೇ ಕಂತಿಗೆ ಮುಗೀತಿತ್ತು.”

“ಮುಗಿದಿದ್ದಕ್ಕೇ ಅರಸಾಳಿನಲ್ಲಿ ಈಗ ಮ್ಯೂಸಿಯಂ ಆಗಿರೋದು. ನನ್ನದು ಇನ್ನೂ ಉಸಿರಾಡ್ತಿದೆ.”

ನನ್ನ ಬಾಯಿ ಕಟ್ಟಿತು. ಪುಣ್ಯಕ್ಕೆ ಕರೆಂಟೂ ಹೋಯಿತು. (ಮಲೆನಾಡಿನಲ್ಲಿ ಕೆಲಸ ಸಾಗುವುದೇ ಹೀಗೆ.) ದೊಡ್ಡಮ್ಮ ಗೊಣಗುತ್ತ ಮೆಟ್ಟುಗತ್ತಿ ಹತ್ತಿ ಕೂತರು, ಸೊಸೆಯ ಗತಿ ಚಪ್ಪರದಲ್ಲೆಲ್ಲ ಚರ್ಚೆಯಾಯಿತು.

ಕರೆಂಟು ಬರುವಷ್ಟರಲ್ಲಿ ಎರಡು ಡಬ್ಬ ಅಡಿಕೆ ಸುಲಿದಾಗಿತ್ತು. ಲೋಟ ಇನ್ನೂ ಸೊಸೆಯ ಕೈಯಲ್ಲೇ ಇತ್ತು.