ಬಣ್ಣ ತೊಳೆಯದ ರಾಕ್ಷಸ

ಅಮೆರಿಕದ ರ‍್ಯಾಪರ್ ಸ್ನೂಪ್ ಡಾಗ್ ಅವರಿಗೆ ಐವತ್ತಮೂರು ತುಂಬಿದ ಮೇಲೆ, 2024ರ ಡಿಸೆಂಬರಿನಲ್ಲಿ, 'ಮಿಷನರಿ' ಆಲ್ಬಂ ಬಂತು. ಸಂಗೀತ ಹಳೇ ಗುರು ಡಾ. ಡ್ರೆ ಅವರದು. ಇದೇ ಜೋಡಿಯ 'ಡಾಗಿಸ್ಟೈಲ್' 1993ರಲ್ಲಿ ಬಂದಾಗ ಶಿಷ್ಯನ ಮೇಲೆ ಕೊಲೆ ಕೇಸಿತ್ತು, 1996ರಲ್ಲಿ ಖುಲಾಸೆಯಾಯಿತು. ಬೀದಿಯ ರೌಡಿತನವನ್ನೇ ಹಾಡಾಗಿಸುವ ಗ್ಯಾಂಗ್‌ಸ್ಟ ರ‍್ಯಾಪ್ ಮಾಡುವವರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೆ? ಈಗ ನೋಡಿ: ಹೊಸ ಆಲ್ಬಂಗೆ ನಾಲ್ಕೈದು ತಿಂಗಳ ಮುಂಚೆ ಅವರು ಪ್ಯಾರಿಸ್ ಒಲಿಂಪಿಕ್ಸಿನ ಜ್ಯೋತಿ ಹಿಡಿದಿದ್ದರು, ಅಡುಗೆ ಹೇಳಿಕೊಡುವ ಮಾರ್ಥಾ ಸ್ಟೀವರ್ಟ್ ಪಕ್ಕ ಕುದುರೆ ಸವಾರರ ಕೋಟು ತೊಟ್ಟು ಕುದುರೆಗಳ ಕುಣಿತ ನೋಡಿದ್ದರು. ಇಷ್ಟಾದರೂ ಮೈಕಿನ ಮುಂದೆ ಬಂದರೆ ಮತ್ತೆ ಅದೇ ಬೀದಿ, ಅದೇ ಗತ್ತು.

ಅವರೊಬ್ಬರೇ ಅಲ್ಲ. 1992ರಲ್ಲಿ 'ಕಾಪ್ ಕಿಲ್ಲರ್' ಹಾಡಿ ಅಮೆರಿಕದ ಪೊಲೀಸರ ನಿದ್ದೆ ಕೆಡಿಸಿದ ರ‍್ಯಾಪರ್ ಐಸ್-ಟಿ, 2000ದಿಂದ ಟಿ.ವಿ. ಧಾರಾವಾಹಿಯೊಂದರಲ್ಲಿ ಪೊಲೀಸ್ ಪತ್ತೇದಾರ. ನಿಜವಾದ ಇಲಾಖೆಯಾಗಿದ್ದರೆ ಇಷ್ಟರಲ್ಲಿ ಪಿಂಚಣಿಯಾಗುತ್ತಿತ್ತು. ಡ್ರೆ ಪಾಲುದಾರರಾಗಿದ್ದ ಹೆಡ್‌ಫೋನ್ ಕಂಪನಿಯನ್ನು 2014ರಲ್ಲಿ ಆಪಲ್ 300 ಕೋಟಿ ಡಾಲರಿಗೆ ಕೊಂಡಿತು. ಬೀದಿ ಯಾರಿಗಾದರೂ ಇಷ್ಟು ಕೊಟ್ಟದ್ದುಂಟೆ?

ನಮ್ಮ ಮಂದಾರ್ತಿ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷದ ರಾಕ್ಷಸನಿಗೆ ಸದಾ ವೇಷದಲ್ಲೇ ಇರಬೇಕಾದ ಈ ಕಷ್ಟವಿಲ್ಲ. ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತು ಮುಖ ಬರೆದುಕೊಳ್ಳುತ್ತಾನೆ, ತೆರೆಯ ಹಿಂದಿನಿಂದಲೇ ಆರ್ಭಟಿಸುತ್ತಾನೆ, ಮುಂದಿನ ಸಾಲಿನ ಮಕ್ಕಳು ಅಜ್ಜಿಯ ಸೆರಗಿಗೆ ನುಗ್ಗುತ್ತವೆ. ಬೆಳಗಾದರೆ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ಚಾ ಕುಡಿದು, ಚೀಲ ಹೆಗಲಿಗೇರಿಸಿ ಬಸ್ಸಿಗೆ ನಿಲ್ಲುತ್ತಾನೆ. 'ನಿನ್ನೆ ಅಷ್ಟು ಜನರನ್ನು ನಿಜಕ್ಕೂ ತಿಂದೆಯಾ?' ಎಂದು ಕಂಡಕ್ಟರ್ ಕೇಳುವುದಿಲ್ಲ. ರ‍್ಯಾಪಿನಲ್ಲಿ ಅದೇ ಮೊದಲ ಪ್ರಶ್ನೆ. ಹಾಗಾಗಿ ಪಾಪ, ರ‍್ಯಾಪರ್ ಮುದುಕನಾದರೂ ಬಣ್ಣ ತೊಳೆಯುವ ಹಾಗಿಲ್ಲ.

ಡ್ರೆ ಅವರ ಕಾಂಪ್ಟನ್‌ನಂಥ ಊರು ನಮಗೂ ಒಂದುಂಟು, ಕುಂದಾಪುರದ ಬಳಿಯ ಬಸ್ರೂರು. 2018ರ 'ಕೆ.ಜಿ.ಎಫ್.' ಆದಮೇಲೆ ಹಿಂದಿನಿಂದ ಹತ್ತಾರು ಗಂಟಲು ಒಟ್ಟಿಗೆ ಗರ್ಜಿಸದೆ ಸಿನಿಮಾದ ಯಾವ ರೌಡಿಯೂ ಜೀಪಿನಿಂದ ಇಳಿಯುತ್ತಿಲ್ಲ. ಆ ಗರ್ಜನೆಯ ಕರ್ತೃ ಇದೇ ಊರಿನ ಸಂಗೀತ ನಿರ್ದೇಶಕ ರವಿ ಬಸ್ರೂರು. 2020ರ ಲಾಕ್‌ಡೌನಿನಲ್ಲಿ, ದೇಶವೆಲ್ಲ ಎರಡನೇ ಭಾಗಕ್ಕೆ ಕಾಯುತ್ತಿದ್ದಾಗ, ಇವರು ಊರಿಗೆ ಬಂದು ಅಪ್ಪನ ಕುಲುಮೆಯಲ್ಲಿ ಕೂತು ಕೆಲಸ ಮಾಡಿ 35 ರೂಪಾಯಿ ದುಡಿದರು. ಆ ಚಿತ್ರದ ನಾಯಕ ರಾಕಿ ಭಾಯಿಯ ಚಿನ್ನದ ಗಣಿಗೆ ಸದ್ದು ಕೊಟ್ಟವರ ಒಂದು ದಿನದ ಲೆಕ್ಕ ಅದು.

ನಮ್ಮ ಹುಡುಗರಿಗೆ ಮಾತ್ರ ಊರಿನ ಈ ಗರ್ಜನೆ ಸಾಲದು. ಕಂತು ತೀರದ ಕಾರಿನ ಗಾಜು ಇಳಿಸಿ, ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಲಾಸ್ ಏಂಜಲೀಸಿನ ಸಿಟ್ಟನ್ನು ಊರಿಗೆಲ್ಲ ಕೇಳಿಸುತ್ತಾರೆ. ಮೀನಿನ ಬುಟ್ಟಿ ಇಳಿಸಿ ನಿಂತ ಹೆಂಗಸು ಒಂದು ಗಳಿಗೆ ಕಿವಿಗೊಟ್ಟು ಕೇಳುತ್ತಾಳೆ: "ಇಂವ ಎಂತಕ್ ಹೀಂಗ್ ಬೊಬ್ಬಿ ಹೊಡಿತ? ಉಂಡದ್ದಿಲ್ಯಾ?" ಮೂವತ್ತು ವರ್ಷಗಳ ರ‍್ಯಾಪ್ ವಿಮರ್ಶೆಯಲ್ಲಿ ಇಷ್ಟು ನೇರವಾದ ಪ್ರಶ್ನೆ ನಾನು ಓದಿಲ್ಲ.

ಇನ್ನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಾದರೂ ಅಪ್ಪಟ ಗ್ಯಾಂಗ್‌ಸ್ಟ ಆಲ್ಬಂ ಮಾಡುವುದಾದರೆ ಸಾಹಿತ್ಯಕ್ಕೆ ಪತ್ರಿಕೆಯ ಒಳಪುಟ ಸಾಕು: ಕೋಳಿ ಅಂಕಕ್ಕೆ ಪೊಲೀಸ್ ದಾಳಿ, ನಗದು, ಕಾಲಿಗೆ ಕಟ್ಟುವ ಸಣ್ಣ ಕತ್ತಿ, ಹುಂಜಗಳು ವಶ, ಕೆಲವರು ಪರಾರಿ. ಓಡಿದವರು ರಾತ್ರಿ ಊಟದ ಹೊತ್ತಿಗೆ ಮನೆ ಸೇರಿರುತ್ತಾರೆ. ಕತ್ತಿ ಕಟ್ಟಿಕೊಂಡು ನಿಜಕ್ಕೂ ಕಾದಾಡಿದ ಹುಂಜಗಳು ಮಾತ್ರ ಹರಾಜಿನವರೆಗೆ ಠಾಣೆಯಲ್ಲಿ. ಬೆಳಗಿನ ಜಾವ ಅವೇ ಹಾಡುತ್ತವೆ, ಮೈಕಿಲ್ಲ, ಡಾ. ಡ್ರೆಯೂ ಇಲ್ಲ, ರಾತ್ರಿ ಪಾಳಿಯ ಪೊಲೀಸರು ಬೈದುಕೊಂಡು ಎದ್ದು ಕೂರುತ್ತಾರೆ.